ಸಾಬಿರಾಳ ಬಾಣಂತನ

ಕಲ್ಲುಕೋಣೆಯ ಕೀಲಿಕೈಯನ್ನು ಕುಲ್ಯಾಶ್ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. ಸ್ನಾನಕ್ಕೆ ಇಳಿದಾಗಲೂ ತೆಗೆಯುತ್ತಿರಲಿಲ್ಲ. ಕೋಣೆಯೊಳಗೆ ಹಿಮಚಿರತೆ ಸಾಬಿರಾ ಬಾಣಂತಿ. ಒಂದೇ ಮರಿ, ಹುಟ್ಟಿ ಇಪ್ಪತ್ತಮೂರು ದಿನ. ನಮ್ಮ ಊರ ಮೃಗಾಲಯಕ್ಕೆ ಹದಿನೆಂಟು ವರ್ಷದಲ್ಲಿ ಬಂದ ಒಂದೇ ಒಂದು ಒಳ್ಳೆಯ ಸುದ್ದಿ ಅದು, ಬೇಕಾದರೆ ಯಾರನ್ನಾದರೂ ಕೇಳಿ.

ನಲವತ್ತು ದಿನ ತುಂಬುವ ತನಕ ಆ ಬಾಗಿಲಿನ ಹತ್ತಿರ ಯಾರೂ ಸುಳಿಯಕೂಡದು ಎಂದು ಕುಲ್ಯಾಶ್ ಹಟ ಹಿಡಿದಿದ್ದಳು. ಪಶುವೈದ್ಯೆ ಲಿದಿಯಾ ಪಾವ್ಲೊವ್ನಾ ಹೇಳಿದ್ದ ಕಾರಣ ಬೇರೆ. ಹೊಸ ಮನುಷ್ಯರ ವಾಸನೆ ಬಡಿದರೆ ಹಿಮಚಿರತೆ ಹೆದರುತ್ತದೆ, ಹೆದರಿದ ತಾಯಿ ತನ್ನ ಮರಿಯನ್ನೇ ಕೊಂದುಬಿಡುತ್ತದೆ. ಮೂರು ವರ್ಷದ ಹಿಂದೆ ಪಕ್ಕದ ಗೋಡೆಗೆ ಬಣ್ಣ ಬಳಿಯಲು ಇಬ್ಬರು ಬಂದಿದ್ದರು. ಮಾರನೇ ಬೆಳಿಗ್ಗೆ ಸಾಬಿರಾಳ ಎರಡು ಮರಿಗಳಲ್ಲಿ ಒಂದೂ ಇರಲಿಲ್ಲ. ಅಂದಿನಿಂದ ಕುಲ್ಯಾಶ್ ಆ ಕೋಣೆಗೆಂದೇ ಒಂದು ಹಳೆಯ ಕೋಟು ಇಟ್ಟುಕೊಂಡಿದ್ದಳು, ಅದನ್ನು ಒಗೆಯುತ್ತಿರಲಿಲ್ಲ. ಆದರೆ ವಾಸನೆ ಗೀಸನೆ ಎಂದರೆ ನಮ್ಮ ಜನ ಕೇಳುತ್ತಾರೆಯೇ? "ಅತ್ತರ್ ಹಾಕ್ಕೊಂಡ್ ಬಂದಿದೀನಿ, ಬಿಡಿ" ಅನ್ನುವ ಜಾತಿ. ಅದಕ್ಕೆ ಕುಲ್ಯಾಶ್ ಎಲ್ಲರಿಗೂ ಅರ್ಥವಾಗುವ ಮಾತನ್ನೇ ಹಿಡಿದಳು. ನಲವತ್ತು ಕಳೆದಿಲ್ಲ, ಕಣ್ಣು ಬೀಳುತ್ತದೆ. ಮನುಷ್ಯರ ಕೂಸನ್ನೇ ನಲವತ್ತು ದಿನ ಮುಚ್ಚಿಡುವ ಊರಿದು. ಆ ಮಾತಿಗೆ ಎದುರಾಡಿದವರಿಲ್ಲ.

ನಗರಸಭೆಯ ದೊಡ್ಡವರ ಹೆಂಡತಿ ಬಂದು ವಾಪಸು ಹೋದಳು. ಟಿವಿಯವರು ಬಂದು ವಾಪಸು ಹೋದರು. ಮೃಗಾಲಯದ ನಿರ್ದೇಶಕ ಸೆರ್ಗಾಜಿಯೇ ಫೋನು ಹಿಡಿದು ಬಂದ.

"ಕುಲ್ಯಾಶಕ್ಕ, ಒಂದೇ ಒಂದ್ ಫೋಟೋ. ನಾನ್ ಒಳಗ್ ಬರಲ್ಲ, ನೀವೇ ತೆಗೀರಿ."

"ನಿಮ್ ಹೆಂಡ್ತಿ ಬಾಣಂತಿ ಆಗಿದ್ದಾಗ ನಾನ್ ಫೋನ್ ಹಿಡ್ಕೊಂಡು ಮಂಚದ ಹತ್ರ ಬಂದಿದ್ನಾ?"

"ಹಂಗಲ್ಲ ಅಕ್ಕ. ಇಲ್ಲಿಗೆ ಜನ ಬಂದು ಎಷ್ಟು ಕಾಲ ಆಯ್ತು ಹೇಳಿ. ಈ ಜಾಗದ ಮೇಲೆ ಯಾರ್ಯಾರಿಗೋ ಕಣ್ಣಿದೆ, ಬಜಾರ್ ಕಟ್ಟೋಕೆ."

"ಇನ್ನು ಹದಿನೇಳು ದಿನ. ಆಮೇಲೆ ಊರಿಗೆ ಊರೇ ಬರಲಿ, ನಾನೇ ಮರಿ ಎತ್ಕೊಂಡು ನಿಲ್ತೀನಿ."

ಸೆರ್ಗಾಜಿ ಗೊಣಗಿಕೊಂಡು ಹೋದ. ಕುಲ್ಯಾಶ್‌ಗೆ ಅರವತ್ತೊಂದು ವರ್ಷ, ಅದರಲ್ಲಿ ಮೂವತ್ತನಾಲ್ಕು ಈ ಬೇಲಿಯ ಒಳಗೇ ಕಳೆದಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಯಾರಿಗೂ ಹೆದರಿದವಳಲ್ಲ. ಅವಳಿಗಿದ್ದ ಒಂದೇ ಹೆದರಿಕೆ ಮೃಗಾಲಯದ ಹೊರಗಿತ್ತು. ಬಸ್ಸಿನಲ್ಲಿ ಮೂರು ಗಂಟೆ ದೂರದ ಹಳ್ಳಿಯಲ್ಲಿ, ಬೀಗರ ಮನೆಯಲ್ಲಿ.

ಮಗಳು ಮಾರ್ಜಾನ್ ಮದುವೆಯಾಗಿ ಆರು ವರ್ಷ. ಮಕ್ಕಳಿಲ್ಲ. ಮೊದಲ ಎರಡು ವರ್ಷ ಅತ್ತೆ ನಗುತ್ತಾ ಕೇಳಿದಳು, ಆಮೇಲೆ ಎರಡು ವರ್ಷ ನಗದೆ ಕೇಳಿದಳು, ಈಗ ಕೇಳುವುದನ್ನೇ ಬಿಟ್ಟಿದ್ದಳು. ಕೇಳುವುದನ್ನು ಬಿಟ್ಟ ಮೇಲೆಯೇ ಮಾರ್ಜಾನ್‌ಗೆ ನಿದ್ದೆ ಬಾರದಾಯಿತು. ಗಂಡ ಸಾಯಾನ್ ಒಳ್ಳೆಯವನೇ, ಕುದುರೆಗಳ ಮುಂದೆ. ತಾಯಿಯ ಮುಂದೆ ಬಾಯಿ ಸತ್ತವನು. ಅವನ ಸೋದರತ್ತೆ ಎಲ್ಲೋ ಒಂದು ಹುಡುಗಿಯನ್ನು ನೋಡಿಟ್ಟಿದ್ದಾಳೆ ಎಂಬ ಸುದ್ದಿ ಕುಲ್ಯಾಶ್‌ಳ ಕಿವಿಗೂ ಬಿದ್ದಿತ್ತು.

ಶುಕ್ರವಾರ ಮಾರ್ಜಾನ್ ಫೋನು ಮಾಡಿದಳು.

"ಅಮ್ಮಾ, ಭಾನುವಾರ ಅತ್ತೆ ಮಾವ ನಿನ್ನ ನೋಡೋಕೆ ಬರ್ತಾರಂತೆ. ನಾನೂ ಜೊತೇಲಿರ್ತೀನಿ."

"ಯಾಕಂತೆ?"

"ಹೇಳ್ಲಿಲ್ಲ. ನನ್ ಬಟ್ಟೆ ಎಲ್ಲಾ ತಗೋ ಅಂತಾನೂ ಹೇಳ್ಲಿಲ್ಲ, ಹೆದರ್ಕೋಬೇಡ."

ಹೆದರಬೇಡ ಎಂದ ಮೇಲೆ ಕುಲ್ಯಾಶ್ ಹೆದರದಿರುವುದು ಹೇಗೆ? ಅವತ್ತೇ ಹೋಗಿ ಕುರಿ ತಂದಳು. ಬೀಗರೆಂದರೆ ಸುಮ್ಮನೆ ಆಯಿತೇ? ಹೊಸ ಕಂಬಳಿ ಹಾಸಿದಳು, ಬೀಗಿತ್ತಿಗೆ ರೇಷ್ಮೆ ಶಾಲು, ಬೀಗನಿಗೆ ಒಳ್ಳೆಯ ಟೋಪಿ ತೆಗೆದಿಟ್ಟಳು. ಭಾನುವಾರ ಅವರು ಬಂದಾಗ ಗೌರವದ ಪಾಲಾದ ಕುರಿಯ ತಲೆ ಬೀಗ ತುರಾರ್‌ನ ಮುಂದೆ, ಹಬೆಯಾಡುವ ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಎಲ್ಲರ ಮುಂದೆ. ತುರಾರ್ ಚೆನ್ನಾಗಿ ಉಂಡು, ಮೀಸೆ ಒರೆಸಿಕೊಂಡು, "ಬೀಗಿತ್ತಿ, ಹುಲಿ ಸಾಕೋರು ಇಷ್ಟು ಮೆತ್ತಗೆ ಮಾಂಸ ಬೇಯಿಸ್ತಾರೆ ಅಂತ ಗೊತ್ತಿರ್ಲಿಲ್ಲ" ಎಂದು ನಗಿಸಿದ. ಬೀಗಿತ್ತಿ ಖಾದಿಶಾ ಮಾತ್ರ ನಗಲಿಲ್ಲ. ದಪ್ಪ ಮೈಯ, ದೊಡ್ಡ ಕೈಯ ಹೆಂಗಸು ಆಕೆ. ಕೆಟ್ಟವಳಲ್ಲ, ಅದನ್ನೂ ಹೇಳಿಬಿಡಬೇಕು. ಸೊಸೆಗೆ ಜ್ವರ ಬಂದಾಗ ತಾನೇ ಹಾಲು ಕರೆದು ಕುಡಿಸಿದವಳು.

ಊಟವಾದ ಮೇಲೆ ಖಾದಿಶಾ, "ನಿಮ್ಮ ಮೃಗಾಲಯ ತೋರಿಸಲ್ವಾ?" ಎಂದಳು. ಕುಲ್ಯಾಶ್‌ಗೆ ಜೀವ ಬಂದಂತಾಯಿತು. ಮಗಳನ್ನು ವಾಪಸು ಬಿಡಲು ಬಂದವರು ಮೃಗಾಲಯ ನೋಡುತ್ತಾರೆಯೇ?

ಅವಳು ದಾರಿಯುದ್ದಕ್ಕೂ ಮಾತಾಡಿದಳು. ಯುದ್ಧದ ಕಾಲದಲ್ಲಿ ಪಡುವಣದಿಂದ ಓಡಿ ಬಂದ ಸರ್ಕಸ್ಸೊಂದು ನಮ್ಮ ಸ್ಟೇಷನ್ನಿನಲ್ಲಿ ಇಳಿದು, ಮುಂದೆ ಹೋಗಲು ರೈಲೇ ಸಿಗದೆ ಇಲ್ಲೇ ಉಳಿದ ಕತೆ. ಆ ಸರ್ಕಸ್ಸಿನ ಮೂರು ಕರಡಿ, ಎರಡು ತೋಳ, ಒಂದು ಕುಂಟ ಒಂಟೆಯಿಂದಲೇ ಈ ಮೃಗಾಲಯ ಶುರುವಾದದ್ದು.

"ಸೈಕಲ್ ತುಳಿಯೋ ಕರಡಿಗಳು ಅವು," ಎಂದಳು ಕುಲ್ಯಾಶ್. "ನಮ್ಮ ಮಾವ ಚಿಕ್ಕವರಿದ್ದಾಗ ನೋಡಿದ್ರಂತೆ. ಸರ್ಕಸ್ ನಿಂತೋದ್ರೂ ದಿನಾ ಸಾಯಂಕಾಲ ಅದೇ ಹೊತ್ತಿಗೆ ಸಾಲಾಗಿ ನಿಂತ್ಕೊಳ್ತಿದ್ವಂತೆ."

"ಸೈಕಲ್ ಕೊಡ್ಲಿಲ್ವಾ ಯಾರೂ?" ಎಂದ ತುರಾರ್.

"ಸೈಕಲ್ ಮನುಷ್ಯರಿಗೇ ಇರ್ಲಿಲ್ಲ, ಬೀಗರೇ."

ಆನೆಮನೆ ಬಂತು. ಎತ್ತರದ ಛಾವಣಿ, ಒಡೆದ ಗಾಜು, ಒಳಗೆ ಈಗ ಹುಲ್ಲಿನ ಕಂತೆ. ಇಂಡಿಯಾದವರು ಕಳಿಸಿದ್ದ ಹೆಣ್ಣಾನೆ ಲೀಲಾ ಇಪ್ಪತ್ತೆರಡು ವರ್ಷ ಅಲ್ಲಿತ್ತು. ಊರ ಮಕ್ಕಳೆಲ್ಲ ಅದರ ಸೊಂಡಿಲಿಗೆ ಸೇಬು ಕೊಟ್ಟೇ ಬೆಳೆದವರು. ದೇಶ ಒಡೆದು ಮೂರು ಚಳಿಗಾಲ ಕಳೆಯುವ ಹೊತ್ತಿಗೆ ಊರಿಗೇ ಮನೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ನಿಂತಿತು. ಜನ ತಮ್ಮ ಮನೆಯ ರಜಾಯಿ ತಂದು ಕೊಟ್ಟರು. ಕುಲ್ಯಾಶ್ ಮತ್ತು ಇನ್ನೂ ನಾಲ್ಕು ಹೆಂಗಸರು ಕಂಬಳಿಗಳನ್ನು ಹೊಲಿದು ಆನೆಯ ನಾಲ್ಕು ಕಾಲಿಗೂ ಬೂಟು ಮಾಡಿ ತೊಡಿಸಿದರು. ಜನವರಿ ಹದಿನೇಳಕ್ಕೆ ಲೀಲಾ ಮಲಗಿದ್ದು ಏಳಲಿಲ್ಲ. ಅಲ್ಲಿಂದ ಜನ ಬರುವುದು ಕಡಿಮೆಯಾಯಿತು. ಆನೆಯೇ ಇಲ್ಲದ ಮೃಗಾಲಯಕ್ಕೆ ಮಕ್ಕಳನ್ನು ಏನೆಂದು ಕರೆದುಕೊಂಡು ಬರುವುದು?

"ಒಂದೂ ಉಳೀಲಿಲ್ವಾ ಹಂಗಾದ್ರೆ," ಎಂದಳು ಖಾದಿಶಾ.

"ಉಳಿದಿದೆ. ಗಿಳಿಗಳಿವೆ, ಬೈಗುಳ ಬಿಟ್ರೆ ಬೇರೆ ಮಾತಾಡಲ್ಲ. ಕರಡಿ ಇದೆ, ಬಿಸ್ಕತ್ ಕಂಡ್ರೆ ಎರಡೂ ಕೈ ಚಾಚತ್ತೆ. ಮತ್ತೆ ಸಾಬಿರಾ ಇದಾಳೆ."

ಹೆಸರು ಬಾಯಿಂದ ಜಾರಿದ ಮೇಲೆ ಕುಲ್ಯಾಶ್ ನಾಲಿಗೆ ಕಚ್ಚಿಕೊಂಡಳು. ಖಾದಿಶಾ ನಿಂತಳು. ಗಂಡನನ್ನೂ ಸೊಸೆಯನ್ನೂ ಕರಡಿಯ ಕಡೆಗೆ ಕಳಿಸಿ, ಕುಲ್ಯಾಶ್‌ಳ ಮೊಣಕೈ ಹಿಡಿದಳು.

"ಬೀಗಿತ್ತಿ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ಅದಕ್ಕೇ ಬಂದಿದ್ದು. ನಮ್ಮೂರ ಹತ್ರ ಸಂತರ ಗೋರಿ ಕಾಯೋ ಅಜ್ಜಿ ಇದಾಳೆ. ಮಗು ಆಗ್ಲಿ ಅಂತ ಮಾರ್ಜಾನ್‌ನ ಅಲ್ಲಿ ಒಂದು ರಾತ್ರಿ ಮಲಗಿಸಿದ್ದೆ. ಆ ಅಜ್ಜಿ ಅಂದ್ಲು, ನಲವತ್ತು ಕಳೀದಿರೋ ಕಾಡುಮೃಗದ ತಾಯಿ ಹಾಲು ಕೊಡೋದನ್ನ ಇವಳು ಕಣ್ಣಾರೆ ನೋಡ್ಬೇಕು, ಹೊಟ್ಟೆ ತೆರೀತದೆ ಅಂತ. ನಾನು ತೋಳದ ಬಿಲ ಎಲ್ಲಿ ಹುಡುಕ್ಲಿ? ಆವಾಗ ಪೇಪರ್‌ನಲ್ಲಿ ನಿಮ್ಮ ಚಿರತೆ ಸುದ್ದಿ ಬಂತು. ದೇವರೇ ಕಳಿಸ್ದ ಅಂದ್ಕೊಂಡೆ."

ಕುಲ್ಯಾಶ್ ಕೊರಳಲ್ಲಿದ್ದ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಇದು ಕೊನೇದು," ಎಂದಳು ಖಾದಿಶಾ. ಅವಳ ಕಣ್ಣಲ್ಲಿ ನೀರಿತ್ತು. "ನಂಗೂ ಅವಳು ಬೇಕು. ಆದ್ರೆ ಮನೇಲಿ ಎಲ್ಲರ ಬಾಯಿ ಎಷ್ಟು ದಿನ ಮುಚ್ಚಿಡ್ಲಿ?"

ಬೇಡ ಎನ್ನಲು ಕುಲ್ಯಾಶ್‌ಗೆ ನೂರು ಕಾರಣಗಳಿದ್ದವು. ಬಣ್ಣ ಬಳಿಯುವವರ ಕತೆ ಹೇಳಬಹುದಿತ್ತು. ಆದರೆ ಮನೆಗೆ ಬಂದ ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ನಮ್ಮಲ್ಲಿ ಯಾರಿಂದಾಯಿತು? ಅದೂ ಮಗಳಿಗಾಗಿ ಕೇಳಿದ್ದು. ಇಲ್ಲವೆಂದರೆ ನಾಳೆ ಮಗಳ ಪೆಟ್ಟಿಗೆ ಬಾಗಿಲಿಗೆ ಬರುತ್ತದೆ, ನಿನ್ನ ತಾಯಿಯೇ ನಿನಗೆ ದಾರಿ ಮುಚ್ಚಿದಳು ಎಂಬ ಮಾತಿನ ಜೊತೆ. ಒಂದೇ ಒಂದು ನಿಮಿಷ ಅಲ್ಲವೇ, ಎಂದುಕೊಂಡಳು ಕುಲ್ಯಾಶ್. ಸಾಬಿರಾಳನ್ನು ಮರಿಯಾಗಿದ್ದಾಗ ಬೆಟ್ಟದಿಂದ ಉರುಳಿಗೆ ಸಿಕ್ಕ ಕಾಲಿನೊಂದಿಗೆ ತಂದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ತಾನೇ. ನನ್ನ ಮಾತು ಕೇಳುತ್ತಾಳೆ, ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

ಭಾನುವಾರ ಮಧ್ಯಾಹ್ನ, ಲಿದಿಯಾ ಪಾವ್ಲೊವ್ನಾ ರಜೆಯಲ್ಲಿದ್ದಳು. ತುರಾರ್‌ನನ್ನು ಐಸ್‌ಕ್ರೀಮಿನ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಮೂವರು ಹೆಂಗಸರು ಹಿಂಬದಿಗೆ ಹೋದರು. ಕುಲ್ಯಾಶ್ ತನ್ನ ಹಳೆಯ ಕೋಟನ್ನು ಮೊಳೆಯಿಂದ ತೆಗೆದು ಮಗಳಿಗೆ ಹೊದಿಸಿದಳು. ಖಾದಿಶಾಳ ದೊಡ್ಡ ಮೈಗೆ ಹೊದಿಸಲು ಏನೂ ಇರಲಿಲ್ಲ. ಒಳಬಾಗಿಲಿನ ಕಿಂಡಿ ಅಂಗೈಯಗಲ. ಕುಲ್ಯಾಶ್ ಅದರ ಹಲಗೆ ಸರಿಸಿದಳು.

ಸಾಬಿರಾ ಹುಲ್ಲಿನ ಮೇಲೆ ಒರಗಿದ್ದಳು. ಅವಳ ಹೊಟ್ಟೆಗೆ ಅಂಟಿಕೊಂಡು ಬೂದಿಬಣ್ಣದ ಮರಿ ಹಾಲು ಕುಡಿಯುತ್ತಿತ್ತು, ಮುಂಗಾಲುಗಳಿಂದ ಒತ್ತಿ ಒತ್ತಿ. ಸಾಬಿರಾ ತಲೆಯೆತ್ತಿ ಕಿಂಡಿಯ ಕಡೆ ನೋಡಿದಳು. ಗುರ್ರೆನ್ನಲಿಲ್ಲ. ಮೊದಲು ಖಾದಿಶಾ ನೋಡಿದಳು, ಪಿಸುಮಾತಿನಲ್ಲಿ ದೇವರನ್ನು ನೆನೆದಳು. ಆಮೇಲೆ ಮಾರ್ಜಾನ್ ಕಣ್ಣಿಟ್ಟಳು. ಒಂದು ನಿಮಿಷವಾಯಿತು, ಎರಡಾಯಿತು. ಅವಳು ಕದಲಲಿಲ್ಲ. ಕುಲ್ಯಾಶ್ ಕೊನೆಗೆ ಮಗಳ ಭುಜ ಹಿಡಿದು ಎಳೆಯಬೇಕಾಯಿತು.

"ಕುಡೀತಾ ಇದೆ ಅಮ್ಮಾ," ಎಂದಳು ಮಾರ್ಜಾನ್. ಅಷ್ಟೇ ಹೇಳಿದಳು.

ಬೀಗರು ಶಾಲು ಹೊದ್ದು, ಟೋಪಿ ಹಾಕಿಕೊಂಡು, ಮೂರು ಮೂರು ಸಲ ಅಪ್ಪಿಕೊಂಡು ಸಾಯಂಕಾಲದ ಬಸ್ಸು ಹತ್ತಿದರು. ಅಂದು ಕುಲ್ಯಾಶ್ ಎಷ್ಟೋ ತಿಂಗಳ ನಂತರ ಕಣ್ತುಂಬ ನಿದ್ದೆ ಮಾಡಿದಳು.

ಬೆಳಿಗ್ಗೆ ಕಿಂಡಿ ಸರಿಸಿದಾಗ ಮರಿ ಕಾಣಲಿಲ್ಲ. ಸಾಬಿರಾ ಮೂಲೆಯಲ್ಲಿ ಕುಳಿತು ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು. ಹುಲ್ಲಿನ ಮೇಲೆ ಒಂದು ಅಂಗೈಯಷ್ಟು ಜಾಗ ಒದ್ದೆಯಾಗಿತ್ತು. ತಪ್ಪು ತನ್ನದೆಂದು ಕುಲ್ಯಾಶ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

ಲಿದಿಯಾ ಪಾವ್ಲೊವ್ನಾ ಬಂದು ಒಂದೇ ಪ್ರಶ್ನೆ ಕೇಳಿದಳು. "ಯಾರ್ ಬಂದಿದ್ರು?"

"ಯಾರೂ ಇಲ್ಲ."

ವೈದ್ಯೆ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಇಪ್ಪತ್ತು ವರ್ಷ ಜೊತೆಗೆ ಕೆಲಸ ಮಾಡಿದವರು. "ಹಂಗಾದ್ರೆ ಮರಿಗೆ ಹುಟ್ಟಿದಾಗ್ಲೇ ಬಲ ಇರ್ಲಿಲ್ಲ ಅಂತ ಬರೀತೀನಿ," ಎಂದಳು. ಸೆರ್ಗಾಜಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಲವತ್ತನೇ ದಿನಕ್ಕೆಂದು ಬರೆಸಿದ್ದ ದೊಡ್ಡ ಬಟ್ಟೆಯ ಫಲಕವನ್ನು ಮಡಚಿ ಆನೆಮನೆಯಲ್ಲಿ ಹುಲ್ಲಿನ ಮೇಲೆ ಇಟ್ಟರು. ಸುದ್ದಿ ಪೇಪರಿನಲ್ಲಿ ಬಂತು, ನಾಲ್ಕು ಸಾಲು.

ಆ ನಾಲ್ಕು ಸಾಲು ಹಳ್ಳಿಗೂ ಹೋಯಿತು. ವಾರದ ಮೇಲೆ ಖಾದಿಶಾ ಫೋನು ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕುಲ್ಯಾಶ್ ತಡೆದುಕೊಳ್ಳುತ್ತಿದ್ದಳು.

"ಬೀಗಿತ್ತಿ, ಮರಿ ಹೋಯ್ತಂತೆ. ನಾವು ನೋಡಿ ಬಂದ ರಾತ್ರೀನೇ ಅಂತೆ."

"ಹೂಂ."

"ಗಟ್ಟಿಯಾಗಿತ್ತು ಅದು, ನಾನೇ ಕಂಡಿದ್ದೆ. ಇವಳು ಕಿಂಡಿ ಬಿಟ್ಟು ಬರ್ಲೇ ಇಲ್ಲ, ನೆನಪಿದೆಯಾ? ಬರಡು ಹೊಟ್ಟೆಯವಳ ಕಣ್ಣು ಅದು. ತಪ್ಪು ನಂದೇ, ನಾನೇ ಕರ್ಕೊಂಡು ಬಂದೆ. ನಮ್ಮ ದೊಡ್ಡ ಸೊಸೆಗೆ ಈಗ ಏಳು ತಿಂಗಳು. ಒಂದೇ ಮನೇಲಿ ಇಬ್ಬರನ್ನ ಹೆಂಗೆ ಇಟ್ಕೊಳ್ಲಿ ಹೇಳಿ. ಮಾರ್ಜಾನ್‌ನ ಕಳಿಸಿಕೊಡ್ತೀವಿ. ನೀವು ತಾಯಿ, ಅರ್ಥ ಮಾಡ್ಕೊಳ್ತೀರಿ."

ಕುಲ್ಯಾಶ್ ಮಾರನೆಯ ದಿನವೇ ಬಸ್ಸು ಹತ್ತಿದಳು. ಮೂರು ಗಂಟೆ ಕಿಟಕಿಯ ಹೊರಗೆ ಒಣಹುಲ್ಲಿನ ಬಯಲು, ಅಲ್ಲೊಂದು ಇಲ್ಲೊಂದು ಕುದುರೆ. ಹೇಳಬೇಕಾದ ಮಾತನ್ನು ಅವಳು ಹತ್ತು ಸಲ ಜೋಡಿಸಿಕೊಂಡಳು. ಮಗಳ ತಲೆಯ ಮೇಲಿನ ಅಪವಾದ ಇಳಿಯಬೇಕಾದರೆ ಸತ್ಯ ಹೇಳಬೇಕು. ಸತ್ಯ ಹೇಳಿದರೆ, ಮನೆಗೆ ಬಂದ ಅತಿಥಿಗಳೇ ಮರಿಯನ್ನು ಕೊಂದರು ಎಂದು ಬೀಗರ ಮುಖಕ್ಕೆ ಹೊಡೆದಂತಾಗುತ್ತದೆ. ಹೇಳದಿದ್ದರೆ ಮಗಳು ಸಾಯುವ ತನಕ ಕೆಟ್ಟ ಕಣ್ಣಿನವಳು. ಮುಖಕ್ಕೆ ಹೊಡೆದಂತಾದರೂ ಸರಿ, ಎಂದುಕೊಂಡು ಇಳಿದಳು.

ಮಾರ್ಜಾನ್ ನೀರು ಕುದಿಯುವ ಸಮೋವಾರದ ಪಕ್ಕ ಕುಳಿತು ಚಹ ಬಗ್ಗಿಸುತ್ತಿದ್ದಳು. ತಾಯಿಯನ್ನು ಕಂಡು ಎದ್ದು ಅಪ್ಪಿಕೊಳ್ಳಲೂ ಇಲ್ಲ, ತಲೆ ತಗ್ಗಿಸಿಯೇ ಇದ್ದಳು. ಸಾಯಾನ್ ಕುದುರೆ ಮೇಯಿಸಲು ಹೋಗಿದ್ದ. ಎಂದಿನಂತೆ. ಕುಲ್ಯಾಶ್ ಒಳಗೆ ಬರುತ್ತಲೇ ತುಂಬಿದ ಹೊಟ್ಟೆಯ ದೊಡ್ಡ ಸೊಸೆ ಎದ್ದು ಪಕ್ಕದ ಕೋಣೆಗೆ ಹೋದಳು. ಬೀಗರು ತೋರಿಸಿದ ಜಾಗದಲ್ಲಿ ಕುಲ್ಯಾಶ್ ಕೂತು, ಮೊದಲ ಬಟ್ಟಲಿಗೂ ಕೈ ಹಾಕದೆ ಶುರು ಮಾಡಿದಳು.

"ಬೀಗರೇ, ನಾನ್ ಸುಳ್ಳು ಹೇಳಿದ್ದೆ. ಎಲ್ಲರಿಗೂ ಸುಳ್ಳು ಹೇಳಿದ್ದೆ. ಕಣ್ಣು ಬೀಳೋದು ಅಂತ ಏನೂ ಇರ್ಲಿಲ್ಲ ಅಲ್ಲಿ. ಹೊಸಬರ ವಾಸನೆ ಬಂದ್ರೆ ಆ ಮೃಗ ಹೆದರಿ ಮರೀನ ಸಾಯಿಸತ್ತೆ. ಮುಂಚೇನೂ ಸಾಯಿಸಿತ್ತು. ಅದು ಗೊತ್ತಿದ್ದೂ ನಿಮ್ಮನ್ನ ಬಾಗಿಲ ತನಕ ಕರ್ಕೊಂಡ್ ಹೋದೆ. ನೀವು ಕೇಳಿದ್ರಿ, ಇಲ್ಲ ಅನ್ನೋಕೆ ನನಗೆ ಧೈರ್ಯ ಬರ್ಲಿಲ್ಲ. ಮರಿ ಸತ್ತಿದ್ದು ನನ್ನಿಂದ. ಇವಳ ಕಣ್ಣಿಂದ ಅಲ್ಲ."

ತುರಾರ್ ಬಟ್ಟಲನ್ನು ಕೆಳಗಿಟ್ಟ. ಖಾದಿಶಾಳ ಮುಖ ಮೆಲ್ಲಗೆ ಕೆಂಪಾಯಿತು.

"ಅಂದ್ರೆ ನನ್ನ ಮನೇಲಿ ಕೂತ್ಕೊಂಡು, ಕೊಂದೋಳು ನಾನು ಅಂತಿದೀರಾ?"

"ಕೊಂದೋಳು ನಾನು ಅಂದೆ."

"ವಾಸನೆ ಯಾರದ್ದು? ಇವಳಿಗೆ ನಿಮ್ಮ ಕೋಟು ಹೊದಿಸಿದ್ರಿ. ಉಳಿದಿದ್ದು ನಂದೇ ತಾನೇ?"

ಕುಲ್ಯಾಶ್ ಬಾಯಿ ತೆರೆಯುವ ಮೊದಲೇ ಸಮೋವಾರದ ಪಕ್ಕದಿಂದ ಮಾರ್ಜಾನ್ ಮಾತಾಡಿದಳು.

"ಅಮ್ಮಾ, ಸಾಕು." ಅವಳು ಅತ್ತೆಯ ಕಡೆ ತಿರುಗಿದಳು. "ಅತ್ತೆ, ನೀವು ಬೇಜಾರ್ ಮಾಡ್ಕೋಬೇಡಿ. ಅಮ್ಮ ನನ್ನ ಉಳಿಸೋಕೆ ಹಂಗ್ ಹೇಳ್ತಿದಾಳೆ. ನಿಮ್ಮ ವಾಸನೆಯಿಂದ ಏನೂ ಆಗಿಲ್ಲ. ಕಿಂಡೀಲಿ ನೋಡ್ದಾಗ ನನ್ನ ಮನಸ್ಸಲ್ಲಿ ಏನ್ ಬಂತು ಅಂತ ನನಗ್ ಗೊತ್ತು. ದೇವರು ಒಂದು ಮೃಗಕ್ಕೆ ಕೊಟ್ಟ, ನನಗ್ಯಾಕೆ ಕೊಡ್ಲಿಲ್ಲ ಅಂದ್ಕೊಂಡೆ. ಹಂಗಾದ್ರೆ ಅದಕ್ಕೂ ಇರೋದ್ ಬೇಡ ಅಂದ್ಕೊಂಡೆ. ಒಂದೇ ಕ್ಷಣ. ಆಮೇಲೆ ತಪ್ಪಾಯ್ತು ಅಂತ ಬೇಡ್ಕೊಂಡೆ. ಆದ್ರೆ ಅಂದ್ಕೊಂಡಿದ್ದು ಅಂದ್ಕೊಂಡಿದ್ದೇ."

"ನನ್ ಒಂಟೆಮರೀ, ಅದು ಹಂಗಲ್ಲ," ಎಂದಳು ಕುಲ್ಯಾಶ್. ಸಣ್ಣವಳಿದ್ದಾಗ ಕರೆಯುತ್ತಿದ್ದ ಹೆಸರು ತಾನಾಗಿ ಬಂದಿತ್ತು. "ಮೃಗಕ್ಕೆ ನಿನ್ನ ಮನಸ್ಸಲ್ಲಿರೋದು ಹೆಂಗೆ ಗೊತ್ತಾಗತ್ತೆ? ಮೂವತ್ತನಾಲ್ಕು ವರ್ಷ ಅವುಗಳ ಜೊತೆ ಇದೀನಿ."

"ಹಂಗಾದ್ರೆ ನಲವತ್ತು ದಿನ ಕಣ್ಣು ಬೀಳತ್ತೆ ಅಂತ ಊರಿಗೆಲ್ಲಾ ನೀನೇ ಯಾಕೆ ಹೇಳ್ಕೊಂಡ್ ಬಂದೆ? ನನಗೂ ಫೋನಲ್ಲಿ ಅದನ್ನೇ ಹೇಳಿದ್ದೆ. ಮರೀನ ನಂಗೂ ತೋರಿಸಲ್ಲ ಅಂದಿದ್ದೆ."

"ಜನ ಕೇಳಲಿ ಅಂತ ಹೇಳಿದ್ದು."

"ನಾನೂ ಕೇಳ್ದೆ," ಎಂದಳು ಮಾರ್ಜಾನ್.

ಕುಲ್ಯಾಶ್ ಮಗಳ ಮುಖವನ್ನೇ ನೋಡಿದಳು. ಅಲ್ಲಿ ನಾಟಕವಿರಲಿಲ್ಲ. ಮನೆ ಉಳಿಸಿಕೊಳ್ಳಲು ಆಡಿದ ಮಾತಾಗಿದ್ದರೆ ತಾಯಿಗೆ ಸಮಾಧಾನವಾಗುತ್ತಿತ್ತು. ಹುಡುಗಿ ನಿಜವಾಗಿ ನಂಬಿದ್ದಳು. ತನ್ನ ಕಣ್ಣಿನಿಂದ ಒಂದು ಜೀವ ಹೋಯಿತೆಂದು, ಮಕ್ಕಳಿಗೆ ತಾನು ಕೇಡೆಂದು, ಎಲುಬಿನೊಳಗಿನಿಂದ ನಂಬಿದ್ದಳು. ಆ ನಂಬಿಕೆಯನ್ನು ಕಿತ್ತು ತೆಗೆಯುವ ಮಾತು ಕುಲ್ಯಾಶ್‌ಳ ಹತ್ತಿರ ಇರಲಿಲ್ಲ. ಇದ್ದ ಒಂದು ಸತ್ಯವನ್ನು ಆಗಲೇ ಖರ್ಚು ಮಾಡಿಯಾಗಿತ್ತು.

ಖಾದಿಶಾ ಎದ್ದು ಬಂದು ಸೊಸೆಯ ತಲೆಯ ಮೇಲೆ ತನ್ನ ದೊಡ್ಡ ಕೈ ಇಟ್ಟಳು. ಅವಳ ಕಣ್ಣಿಂದ ನೀರಿಳಿಯಿತು. "ತಪ್ಪು ಒಪ್ಕೊಂಡ ಮೇಲೆ ಬಾಗಿಲಿಂದ ಆಚೆ ಹೆಂಗೆ ತಳ್ಳಲಿ," ಎಂದಳು. "ಇರ್ಲಿ. ಹಿಂದಿನ ಮನೇಲಿ ಇರ್ಲಿ. ದೊಡ್ಡವಳ ಹೆರಿಗೆ ಆಗಿ ಮಗು ದೊಡ್ಡದಾಗೋ ತನಕ ಈ ಕಡೆ ಬರೋದ್ ಬೇಡ."

"ಬರಲ್ಲ ಅತ್ತೆ," ಎಂದಳು ಮಾರ್ಜಾನ್. ಅವಳ ದನಿಯಲ್ಲಿ ಕೃತಜ್ಞತೆ ಇತ್ತು. ಕುಲ್ಯಾಶ್‌ಗೆ ಎಲ್ಲಕ್ಕಿಂತ ಹೆಚ್ಚು ಉರಿದದ್ದು ಅದೇ.

"ನಡಿ ಮನೆಗೆ," ಎಂದಳು ಅವಳು. "ಇಲ್ಲಿರಬೇಡ. ಈಗಲೇ ನಡಿ ನನ್ ಜೊತೆ."

ಮಾರ್ಜಾನ್ ತಾಯಿಯ ಮುಂದೆ ತಣ್ಣಗಾಗಿದ್ದ ಬಟ್ಟಲನ್ನು ತೆಗೆದುಕೊಂಡು, ಚೆಲ್ಲಿ, ತೊಳೆದು, ಹಾಲೂ ಚಹದ ಕಷಾಯವೂ ಹಾಕಿದಳು, ಸಮೋವಾರದ ನಲ್ಲಿ ತಿರುಗಿಸಿದಳು. ನಮ್ಮಲ್ಲಿ ಬಂದವರಿಗೆ ಬಟ್ಟಲ ಅರ್ಧಕ್ಕಿಂತ ಕಡಿಮೆ ಚಹ ಹಾಕುತ್ತಾರೆ, ಮತ್ತೆ ಮತ್ತೆ ಕೇಳಲಿ, ಇನ್ನಷ್ಟು ಹೊತ್ತು ಕೂರಲಿ ಎಂದು. ಅಂಚಿನ ತನಕ ತುಂಬಿಸಿ ಕೊಟ್ಟರೆ ಹೊರಡಿ ಎಂದರ್ಥ, ಬೇರೆ ಮಾತು ಬೇಕಾಗುವುದಿಲ್ಲ. ಮಾರ್ಜಾನ್ ಬಟ್ಟಲನ್ನು ಅಂಚಿನ ತನಕ ತುಂಬಿಸಿದಳು. ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ತಂದು, ತಾಯಿಯ ಮುಂದೆ ಇಟ್ಟಳು.

ಕುಲ್ಯಾಶ್ ಅದನ್ನು ಕೊನೆಯ ಗುಟುಕಿನ ತನಕ ಕುಡಿದಳು. ನಾಲಿಗೆ ಸುಟ್ಟಿತು. ಆಮೇಲೆ ಬೀಗರಿಗೆ ಕೈಮುಗಿದು ಎದ್ದು, ಐದು ಗಂಟೆಯ ಬಸ್ಸಿಗೆ ಹೊರಟಳು.